ಅಂಚೆಗೆ ಬೀಳುವ ಮೊದಲು

2016ರ ಅಕ್ಟೋಬರ್ 2ರಂದು ಆಸ್ಟ್ರಿಯಾದಲ್ಲಿ ರಾಷ್ಟ್ರಾಧ್ಯಕ್ಷರ ಚುನಾವಣೆ ನಡೆಯಬೇಕಿತ್ತು. ನಡೆಯಲಿಲ್ಲ. ಅಂಚೆ ಮತಕ್ಕೆಂದು ಮುದ್ರಿಸಿದ ಲಕೋಟೆಗಳ ಅಂಟು ಸರಿಯಾಗಿ ಹಿಡಿಯುತ್ತಿರಲಿಲ್ಲ. ಮತದಾರರು ಮುಚ್ಚಿಟ್ಟ ಲಕೋಟೆ ತಾನಾಗಿಯೇ ಬಿಚ್ಚಿಕೊಳ್ಳುತ್ತಿದೆ ಎಂದು ದೂರುಗಳು ಬಂದವು. ಸರ್ಕಾರ ಇಡೀ ಚುನಾವಣೆಯನ್ನೇ ಡಿಸೆಂಬರ್ 4ಕ್ಕೆ ಮುಂದೂಡಿತು.

ಅದೂ ಮರುಚುನಾವಣೆಯೇ ಆಗಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ನಡೆದ ಅಂತಿಮ ಸುತ್ತಿನಲ್ಲಿ ಮತಗಟ್ಟೆಗಳ ಎಣಿಕೆ ಮುಗಿದಾಗ ನಾರ್ಬರ್ಟ್ ಹೋಫರ್ ಮುಂದಿದ್ದರು. ಮರುದಿನ ಅಂಚೆ ಮತಗಳನ್ನು ಎಣಿಸಿದಾಗ ಫಲಿತಾಂಶ ತಿರುಗಿ, ಅಲೆಕ್ಸಾಂಡರ್ ಫಾನ್ ಡೆರ್ ಬೆಲ್ಲೆನ್ 30,863 ಮತಗಳಿಂದ ಗೆದ್ದರು. ಹೋಫರ್ ಅವರ ಪಕ್ಷ ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋಯಿತು. ವಿಚಾರಣೆಯಲ್ಲಿ ಹೊರಬಂದದ್ದು ಇಷ್ಟು: ಹಲವು ಜಿಲ್ಲೆಗಳಲ್ಲಿ ಅಂಚೆ ಲಕೋಟೆಗಳನ್ನು ಕಾನೂನು ಹೇಳಿದ ಹೊತ್ತಿಗಿಂತ ಮೊದಲೇ ತೆರೆಯಲಾಗಿತ್ತು. ಕೆಲವು ಕಡೆ ತೆರೆಯುವ ಅಧಿಕಾರ ಇಲ್ಲದವರು ತೆರೆದಿದ್ದರು. ಇಂಥ ಲೋಪಕ್ಕೆ ಒಳಗಾದ ಮತಗಳು 77,926. ಯಾರೋ ಮತ ತಿದ್ದಿದ್ದಾರೆ ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಆದರೂ ಜುಲೈ 1ರಂದು ನ್ಯಾಯಾಲಯ ಚುನಾವಣೆಯನ್ನು ರದ್ದುಮಾಡಿತು. ಗೆಲುವಿನ ಅಂತರಕ್ಕಿಂತ ಹೆಚ್ಚು ಮತಗಳು ಸಾಕ್ಷಿಗಳಿಲ್ಲದ ಕೋಣೆಯಲ್ಲಿ ತೆರೆದುಕೊಂಡಿದ್ದವು. ಏನೂ ಕೆಟ್ಟದ್ದು ನಡೆದಿಲ್ಲ ಎಂದು ತೋರಿಸಿಕೊಡುವವರು ಅಲ್ಲಿ ಯಾರೂ ಇರಲಿಲ್ಲ. ಡಿಸೆಂಬರಿನಲ್ಲಿ ಫಾನ್ ಡೆರ್ ಬೆಲ್ಲೆನ್ ಮೊದಲಿಗಿಂತ ದೊಡ್ಡ ಅಂತರದಿಂದ ಗೆದ್ದರು.

ಅಂಚೆ ಮತದಾನ ಸುರಕ್ಷಿತವೇ ಎಂಬ ಪ್ರಶ್ನೆ ಕೆಲವು ವರ್ಷಗಳಿಂದ, ಅದರಲ್ಲೂ ಅಮೆರಿಕದ ರಾಜಕೀಯದಿಂದಾಗಿ, ಜಗತ್ತಿನ ಕಿವಿಗೆ ಬೀಳುತ್ತಲೇ ಇದೆ. ಹೌದು ಅಥವಾ ಇಲ್ಲ ಎಂಬ ಒಂದೇ ಮಾತಿನ ಉತ್ತರವನ್ನು ಬಯಸುವವರಿಗೆ ಎರಡೂ ಕಡೆ ಸಾಕಷ್ಟು ಜನ ಸಿಗುತ್ತಾರೆ. ಆದರೆ ಒಂದು ಮತ ಲಕೋಟೆಯೊಳಗೆ ಕೂತು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ದಾರಿಯಲ್ಲಿ ಯಾರ ಯಾರ ಕೈ ಮುಟ್ಟುತ್ತದೆ ಎಂದು ನೋಡಿದರೆ, ಅಪಾಯ ಎಲ್ಲಿದೆ, ಎಲ್ಲಿ ಇಲ್ಲ ಎಂಬುದು ಸಾಕಷ್ಟು ನಿಚ್ಚಳವಾಗುತ್ತದೆ.

ನಮ್ಮಲ್ಲಿಂದಲೇ ಶುರುಮಾಡೋಣ. ಭಾರತದಲ್ಲಿ ಬಹುಪಾಲು ಮತದಾರರಿಗೆ ಅಂಚೆ ಮತದ ಅವಕಾಶ ಇಲ್ಲ. ಸೇನೆ ಮತ್ತು ಕೇಂದ್ರೀಯ ಸಶಸ್ತ್ರ ಪೊಲೀಸ್ ಪಡೆಗಳಲ್ಲಿರುವವರು, ತಮ್ಮ ರಾಜ್ಯದ ಹೊರಗೆ ನಿಯೋಜನೆಗೊಂಡ ಪೊಲೀಸರು, ವಿದೇಶದ ಕಚೇರಿಗಳಲ್ಲಿರುವ ಸರ್ಕಾರಿ ನೌಕರರು, ಚುನಾವಣಾ ಕರ್ತವ್ಯದಲ್ಲಿರುವ ಶಿಕ್ಷಕರು ಮತ್ತು ಸಿಬ್ಬಂದಿ, ಅಗತ್ಯ ಸೇವೆಗಳಲ್ಲಿರುವ ಕೆಲವರು, ವೃದ್ಧರು, ಅಂಗವಿಕಲರು ಇಂಥವರಿಗಷ್ಟೇ ಆ ದಾರಿ ತೆರೆದಿದೆ. ಮುಂಜಾಗ್ರತಾ ಬಂಧನದಲ್ಲಿರುವವರೂ ಈ ಪಟ್ಟಿಯಲ್ಲಿದ್ದಾರೆ. ಉಳಿದ ಕೈದಿಗಳಿಗೆ ಮತದ ಹಕ್ಕೇ ಇಲ್ಲ.

ಅಂಚೆ ಮತದಾರನ ಕೈಗೆ ಬರುವುದು ಮತಪತ್ರ, ಒಂದು ಘೋಷಣಾ ಪತ್ರ, ಎರಡು ಲಕೋಟೆಗಳು. ಮತ ಗುರುತು ಮಾಡಿದ ಪತ್ರ ಒಳಲಕೋಟೆಗೆ ಹೋಗುತ್ತದೆ. ಅದಕ್ಕೆ ನಮೂನೆ 13ಬಿ ಎಂದು ಹೆಸರು. ಮತಪತ್ರದ ಕ್ರಮಸಂಖ್ಯೆ ಬರೆದು, ಮತದಾರ ಸಹಿ ಹಾಕಿ, ಗೆಜೆಟೆಡ್ ಅಧಿಕಾರಿಯಂಥವರಿಂದ ದೃಢೀಕರಣ ಪಡೆದ ಘೋಷಣೆ ನಮೂನೆ 13ಎ. ಈ ಘೋಷಣೆ, ಮುಚ್ಚಿದ ಒಳಲಕೋಟೆ ಎರಡನ್ನೂ ಹೊರಲಕೋಟೆಗೆ, ಅಂದರೆ 13ಸಿಗೆ, ಹಾಕಿ ಚುನಾವಣಾಧಿಕಾರಿಗೆ ಕಳಿಸಬೇಕು. ಎಣಿಕೆ ಶುರುವಾಗುವ ಹೊತ್ತಿನೊಳಗೆ ಅದು ತಲುಪಿರಬೇಕು. ಎಣಿಕೆಯ ಮೇಜಿನ ಮೇಲೆ ಮೊದಲು ಹೊರಲಕೋಟೆ ತೆರೆದು ಘೋಷಣೆಯನ್ನು ಪರಿಶೀಲಿಸುತ್ತಾರೆ. ಸಹಿ ಇಲ್ಲ, ದೃಢೀಕರಣ ಇಲ್ಲ, ಘೋಷಣೆಯಲ್ಲಿರುವ ಕ್ರಮಸಂಖ್ಯೆಗೂ ಒಳಲಕೋಟೆಯ ಮೇಲಿನದಕ್ಕೂ ತಾಳೆಯಾಗುತ್ತಿಲ್ಲ ಎಂದರೆ ಒಳಲಕೋಟೆಯನ್ನು ತೆರೆಯದೆಯೇ ಆ ಮತವನ್ನು ತಿರಸ್ಕರಿಸುತ್ತಾರೆ. ಸರಿಯಿದ್ದ ಘೋಷಣೆಗಳನ್ನೆಲ್ಲ ಬೇರೆ ಕಟ್ಟಿ ಮುದ್ರೆ ಹಾಕಿದ ನಂತರವೇ ಒಳಲಕೋಟೆಗಳ ಸರದಿ.

ಈ ಏರ್ಪಾಡಿನ ಜಾಣ್ಮೆ ಎರಡು ಲಕೋಟೆಗಳನ್ನು ಬೇರೆ ಬೇರೆ ಮಾಡಿರುವುದರಲ್ಲಿದೆ. ಮತ ಹಾಕಿದವರು ಯಾರು ಎಂಬುದನ್ನು ಹೊರಲಕೋಟೆ ಹೇಳುತ್ತದೆ, ಮತ ಯಾರಿಗೆ ಎಂಬುದನ್ನು ಒಳಲಕೋಟೆ ಕಾಯುತ್ತದೆ. ಮತಗಟ್ಟೆಯಲ್ಲಿ ಎರಡು ಬಾರಿ ಮತ ಹಾಕದಂತೆ ತಡೆಯಲು ಬೆರಳಿಗೆ ಮೈಸೂರಿನ ಬಣ್ಣದ ಕಾರ್ಖಾನೆಯಿಂದ ಬರುವ ಅಳಿಸಲಾಗದ ಶಾಯಿ ಹಚ್ಚುತ್ತಾರೆ. ಅಂಚೆಯಲ್ಲಿ ಬೆರಳು ಸಿಗುವುದಿಲ್ಲ. ಅದಕ್ಕೆ ಬದಲಾಗಿ ಮತಪತ್ರ ಕಳಿಸಿದ ಕೂಡಲೇ ಮತದಾರರ ಪಟ್ಟಿಯಲ್ಲಿ ಆ ಹೆಸರಿನ ಎದುರು ‘ಪಿಬಿ’ ಎಂದು ಗುರುತು ಹಾಕುತ್ತಾರೆ. ಹಾಗೆ ಗುರುತು ಬಿದ್ದವರು ಮತಗಟ್ಟೆಗೆ ಬಂದರೆ ಮತಯಂತ್ರದ ಬಳಿಗೆ ಬಿಡುವುದಿಲ್ಲ.

ದೂರದ ಗಡಿಯಲ್ಲಿರುವ ಸೈನಿಕನಿಗೆ ಮತಪತ್ರ ತಲುಪಿ, ಅದು ಹಿಂದಿರುಗಿ ಬರುವಷ್ಟು ಸಮಯವೇ ಇರುತ್ತಿರಲಿಲ್ಲ. 2016ರಿಂದ ಚುನಾವಣಾ ಆಯೋಗ ಸೈನಿಕರಂಥ ಸೇವಾ ಮತದಾರರಿಗೆ ಮತಪತ್ರವನ್ನು ಕಂಪ್ಯೂಟರ್ ಮೂಲಕ ಕಳಿಸತೊಡಗಿತು. ಸೈನಿಕ ಅದನ್ನು ಇಳಿಸಿಕೊಂಡು, ಮುದ್ರಿಸಿ, ಗುರುತು ಮಾಡಿ, ಅಂಚೆಯಲ್ಲಿ ವಾಪಸ್ ಕಳಿಸುತ್ತಾನೆ. ಎಣಿಕೆಯ ದಿನ ಲಕೋಟೆಯ ಮೇಲಿನ ಕ್ಯೂಆರ್ ಸಂಕೇತವನ್ನು ಓದಿಸಿ ಒಬ್ಬರದೇ ಎರಡು ಲಕೋಟೆ ಬಂದಿದೆಯೇ ಎಂದು ನೋಡುತ್ತಾರೆ. 2019ರ ಲೋಕಸಭಾ ಚುನಾವಣೆಯಲ್ಲಿ ಹೀಗೆ ಸುಮಾರು 18 ಲಕ್ಷ ಮತಪತ್ರಗಳು ಹೋದವು, 10.8 ಲಕ್ಷ ಹಿಂದಿರುಗಿದವು. ಅರ್ಧ ದಾರಿ ಮಾತ್ರ ವೇಗವಾಗಿರುವ ವ್ಯವಸ್ಥೆ ಇದು. ಹಿಂದಿರುಗುವ ದಾರಿಯನ್ನು ಕಾಗದದಲ್ಲೇ ಉಳಿಸಿಕೊಂಡಿರುವುದು ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ. ಕಾಗದವನ್ನು ಮತ್ತೆ ಎಣಿಸಬಹುದು, ನ್ಯಾಯಾಲಯದ ಮುಂದಿಡಬಹುದು.

ಅಮೆರಿಕದಲ್ಲಿಯೂ ಅಂಚೆ ಮತ ಶುರುವಾದದ್ದು ಸೈನಿಕರಿಂದಲೇ. ಅಂತರ್ಯುದ್ಧದ ನಡುವೆ 1864ರಲ್ಲಿ ಲಿಂಕನ್ ಮರುಆಯ್ಕೆ ಬಯಸಿದಾಗ ಉತ್ತರದ ಹಲವು ರಾಜ್ಯಗಳು ರಣರಂಗದಲ್ಲಿರುವ ತಮ್ಮ ಸೈನಿಕರಿಗೆ ಮತ ಹಾಕುವ ದಾರಿ ಮಾಡಿಕೊಟ್ಟವು. ಎಲ್ಲರಿಗೂ ಅಂಚೆಯಲ್ಲೇ ಮತಪತ್ರ ಎಂಬ ಹಂತಕ್ಕೆ ಮೊದಲು ಹೋದದ್ದು ಆರೆಗನ್ ರಾಜ್ಯ. 1998ರಲ್ಲಿ ಅಲ್ಲಿನ ಜನರೇ ಮತ ಹಾಕಿ ಅದನ್ನು ಒಪ್ಪಿದರು. 2000ದ ಅಧ್ಯಕ್ಷೀಯ ಚುನಾವಣೆಯಿಂದ ಅಲ್ಲಿ ನಾವು ತಿಳಿದಿರುವಂಥ ಮತಗಟ್ಟೆಗಳೇ ಇಲ್ಲ. ವಾಷಿಂಗ್ಟನ್, ಕೊಲರಾಡೊ, ಯೂಟಾ, ಹವಾಯಿ ಅದನ್ನು ಅನುಸರಿಸಿದವು. ಕ್ಯಾಲಿಫೋರ್ನಿಯಾ ಕೊರೊನಾ ಕಾಲದಲ್ಲಿ ಮಾಡಿದ ಏರ್ಪಾಡನ್ನು 2021ರಲ್ಲಿ ಕಾಯಂ ಮಾಡಿತು. ಸಿಯಾಟಲ್ಲಿನಲ್ಲೋ ಸ್ಯಾನ್ ಹೋಸೆಯಲ್ಲೋ ನೆಲೆಸಿ ಅಲ್ಲಿನ ಪೌರರಾಗಿರುವ ಕನ್ನಡಿಗರ ಮನೆಗೂ ಚುನಾವಣೆಗೆ ಕೆಲವು ವಾರ ಮೊದಲೇ ಮತಪತ್ರ ಬಂದು ಬೀಳುತ್ತದೆ.

ಅಲ್ಲಿ ಅದು ಯಾಕೆ ಅಷ್ಟು ಬೇಕಾಯಿತು ಎಂಬುದು ಅಲ್ಲಿನ ಮತಪತ್ರವನ್ನು ನೋಡಿದರೆ ಗೊತ್ತಾಗುತ್ತದೆ. ನಮ್ಮದು ಒಂದು ಗುಂಡಿ ಒತ್ತುವ ಕೆಲಸ. ಅವರ ಮತಪತ್ರದಲ್ಲಿ ಅಧ್ಯಕ್ಷರಿಂದ ಹಿಡಿದು ಸೆನೆಟರ್, ರಾಜ್ಯದ ಶಾಸಕರು, ಕೌಂಟಿಯ ನ್ಯಾಯಾಧೀಶರು, ಶಾಲಾ ಮಂಡಳಿಯ ಸದಸ್ಯರವರೆಗೆ ಹೆಸರುಗಳಿರುತ್ತವೆ. ಅದರ ಮೇಲೆ ತೆರಿಗೆ ಏರಿಸಬೇಕೇ, ಸಾಲಪತ್ರ ಹೊರಡಿಸಬೇಕೇ ಎಂಬಂಥ ಪ್ರಶ್ನೆಗಳೂ ಇರುತ್ತವೆ. ಆರೆಗನ್ ಸರ್ಕಾರ ಪ್ರತಿ ಮನೆಗೂ ಅಭ್ಯರ್ಥಿಗಳ ಮಾತು, ಪರ ವಿರೋಧ ವಾದಗಳನ್ನು ಒಳಗೊಂಡ ಪುಸ್ತಿಕೆ ಕಳಿಸುತ್ತದೆ. ಅದನ್ನು ಓದುತ್ತ, ಎರಡು ದಿನ ಬಿಟ್ಟು ಮತ್ತೆ ಯೋಚಿಸುತ್ತ ಗುರುತು ಹಾಕಬಹುದು. ಚುನಾವಣೆ ನಡೆಯುವುದು ಮಂಗಳವಾರ, ಅದು ರಾಷ್ಟ್ರೀಯ ರಜೆಯಲ್ಲ. ಎರಡು ಪಾಳಿ ಕೆಲಸ ಮಾಡುವ ನರ್ಸಿಗೆ, ಟ್ರಕ್ ಚಾಲಕನಿಗೆ, ಮಗುವನ್ನು ಬಿಟ್ಟುಹೋಗಲಾರದ ತಾಯಿಗೆ ಇದು ಸಣ್ಣ ಅನುಕೂಲವಲ್ಲ. ಮತಪತ್ರವನ್ನು ಅಂಚೆಗೆ ಹಾಕಬಹುದು, ಇಲ್ಲವೇ ಚುನಾವಣಾ ಕಚೇರಿ ಇಟ್ಟಿರುವ ಪೆಟ್ಟಿಗೆಗೆ ಸ್ವತಃ ಹಾಕಿಬರಬಹುದು.

2020ರಲ್ಲಿ ಕೊರೊನಾ ನಡುವೆ ನಡೆದ ಅಧ್ಯಕ್ಷೀಯ ಚುನಾವಣೆಯಲ್ಲಿ ಅಲ್ಲಿನ ಮತದಾರರಲ್ಲಿ ಶೇಕಡ 43ರಷ್ಟು ಜನ ಅಂಚೆ ಮತಪತ್ರ ಬಳಸಿದರು. ಅದಾದ ಮೇಲೆ ಎದ್ದ ಗದ್ದಲ ಎಲ್ಲರಿಗೂ ನೆನಪಿದೆ. ಸೋತ ಡೊನಾಲ್ಡ್ ಟ್ರಂಪ್ ಅವರೂ ಅವರ ಬೆಂಬಲಿಗರೂ 60ಕ್ಕೂ ಹೆಚ್ಚು ಮೊಕದ್ದಮೆ ಹೂಡಿದರು. ಫಲಿತಾಂಶವನ್ನು ಬದಲಿಸುವಂಥ ವಂಚನೆಯನ್ನು ಯಾವ ನ್ಯಾಯಾಲಯದಲ್ಲೂ ತೋರಿಸಲಾಗಲಿಲ್ಲ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ತೀವ್ರ ಪೈಪೋಟಿಯಿದ್ದ ಆರು ರಾಜ್ಯಗಳ ಕಡತಗಳನ್ನು ತಿಂಗಳುಗಟ್ಟಲೆ ಜಾಲಾಡಿತು. 2.5 ಕೋಟಿ ಮೀರಿದ ಮತಗಳಲ್ಲಿ ಎಲ್ಲ ಬಗೆಯ ಸಂಶಯಾಸ್ಪದ ಪ್ರಕರಣಗಳೂ ಸೇರಿ ಅದಕ್ಕೆ ಸಿಕ್ಕಿದ್ದು 475ಕ್ಕಿಂತ ಕಡಿಮೆ.

ನನಗೆ ಇದಕ್ಕಿಂತ ಹೆಚ್ಚು ಮನವರಿಕೆ ಮಾಡಿಸಿದ್ದು ಜಾರ್ಜಿಯಾ ರಾಜ್ಯದ ಕಾಬ್ ಕೌಂಟಿಯ ಒಂದು ಸಣ್ಣ ತಪಾಸಣೆ. ಅಂಚೆ ಲಕೋಟೆಗಳ ಮೇಲಿನ ಸಹಿಗಳನ್ನು ಸರಿಯಾಗಿ ಹೋಲಿಸಿಲ್ಲ ಎಂಬ ಆರೋಪ ಬಂದಾಗ ರಾಜ್ಯದ ತನಿಖಾ ಸಂಸ್ಥೆಯ ಅಧಿಕಾರಿಗಳು ಕೂತು 15,118 ಲಕೋಟೆಗಳ ಸಹಿಗಳನ್ನು ಮತ್ತೆ ಪರೀಕ್ಷಿಸಿದರು. ವಂಚನೆ ಒಂದೂ ಇರಲಿಲ್ಲ. ಎರಡು ಲಕೋಟೆಗಳನ್ನು ಮಾತ್ರ ಮತದಾರರಿಗೆ ತಿಳಿಸಿ ಸರಿಪಡಿಸಿಕೊಳ್ಳಬೇಕಿತ್ತು ಎಂದು ಕಂಡುಬಂತು. ಒಂದರಲ್ಲಿ ಮತದಾರರ ಬದಲು ಅವರ ಬಾಳಸಂಗಾತಿ ತಪ್ಪಿ ಸಹಿ ಹಾಕಿದ್ದರು. ಇನ್ನೊಂದರಲ್ಲಿ ಸಹಿ ಬೇರೆ ಜಾಗದಲ್ಲಿ ಬಿದ್ದಿತ್ತು.

ಲಕ್ಷಗಟ್ಟಲೆ ನಕಲಿ ಮತಪತ್ರ ಮುದ್ರಿಸಿ ಅಂಚೆಗೆ ಹಾಕಿ ಚುನಾವಣೆ ಗೆಲ್ಲಬಹುದು ಎಂಬ ಭಯಕ್ಕೆ ಯಾಕೆ ಆಧಾರವಿಲ್ಲ ಎಂಬುದು ಈ ಲಕೋಟೆಯಿಂದಲೇ ತಿಳಿಯುತ್ತದೆ. ಅಲ್ಲಿನ ಹಲವು ರಾಜ್ಯಗಳಲ್ಲಿ ಪ್ರತಿ ಲಕೋಟೆಯೂ ಪಟ್ಟಿಯಲ್ಲಿರುವ ಒಬ್ಬ ನಿಜವಾದ ಮತದಾರರ ಹೆಸರಿಗೆ, ಅವರಿಗೆಂದೇ ಮುದ್ರಿಸಿದ ಬಾರ್‌ಕೋಡಿಗೆ, ಕಡತದಲ್ಲಿರುವ ಸಹಿಗೆ ಹೊಂದಬೇಕು. ಅದೇ ಮತದಾರರ ಅಸಲಿ ಲಕೋಟೆಯೂ ಬಂದರೆ ಅಲ್ಲೇ ಸಿಕ್ಕಿಬೀಳುತ್ತದೆ. ಒಂದೊಂದು ಮತವನ್ನೂ ಬೇರೆ ಬೇರೆಯಾಗಿ ಕದಿಯಬೇಕು, ಒಂದೊಂದಕ್ಕೂ ಒಂದು ಅಪರಾಧದ ಸುಳಿವು ಬಿಡಬೇಕು. ದೊಡ್ಡ ಪ್ರಮಾಣದ ಕಳ್ಳತನಕ್ಕೆ ಇದಕ್ಕಿಂತ ಅನನುಕೂಲವಾದ ದಾರಿ ಇರಲಾರದು.

ಹಾಗೆಂದು ಅಂಚೆ ಮತದಲ್ಲಿ ವಂಚನೆಯೇ ನಡೆದಿಲ್ಲ ಎನ್ನುವವರೂ ಇತಿಹಾಸವನ್ನು ಮುಚ್ಚಿಡುತ್ತಿದ್ದಾರೆ. ನಡೆದಿದೆ, ಸಾಬೀತೂ ಆಗಿದೆ. ನಡೆದ ಕಡೆಯೆಲ್ಲ ಒಂದೇ ಜಾಗದಲ್ಲಿ ನಡೆದಿದೆ: ಲಕೋಟೆ ಅಂಚೆಗೆ ಬೀಳುವ ಮೊದಲು.

2018ರಲ್ಲಿ ನಾರ್ತ್ ಕ್ಯಾರೊಲೈನಾದ 9ನೇ ಕ್ಷೇತ್ರದಿಂದ ಅಮೆರಿಕ ಸಂಸತ್ತಿಗೆ ನಡೆದ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಮಾರ್ಕ್ ಹ್ಯಾರಿಸ್ 905 ಮತಗಳಿಂದ ಮುಂದಿದ್ದರು. ಬ್ಲೇಡನ್ ಎಂಬ ಹಳ್ಳಿಗಾಡಿನ ಕೌಂಟಿಯಲ್ಲಿ ಅಂಚೆ ಮತಪತ್ರ ಕೇಳಿದವರ ಪ್ರಮಾಣ ಅಸಹಜವಾಗಿತ್ತು. ಪಕ್ಕದ ರಾಬ್ಸನ್ ಕೌಂಟಿಯಲ್ಲಿ ಮತಪತ್ರ ಪಡೆದು ಹಿಂದಿರುಗಿಸದವರ ಸಂಖ್ಯೆ ಕಣ್ಣಿಗೆ ರಾಚುವಂತಿತ್ತು. ಹ್ಯಾರಿಸ್ ಅವರ ಪ್ರಚಾರಕ್ಕಾಗಿ ದುಡಿದಿದ್ದ ಮೆಕ್ರೇ ಡೌಲೆಸ್ ಎಂಬಾತ ಜನರನ್ನು ಕೂಲಿಗೆ ಇಟ್ಟುಕೊಂಡು ಮನೆಮನೆಗೆ ಕಳಿಸಿದ್ದ. ಅವರು ಬಡವರ, ಮುದುಕರ ಮನೆಗಳಿಂದ ಮತಪತ್ರ ಸಂಗ್ರಹಿಸಿದರು, ಎದುರಿಗೆ ಇರದಿದ್ದರೂ ಸಾಕ್ಷಿ ಸಹಿ ಹಾಕಿದರು, ಖಾಲಿ ಬಿಟ್ಟ ಜಾಗಗಳನ್ನು ತುಂಬಿದರು. ರಾಜ್ಯದ ಚುನಾವಣಾ ಮಂಡಳಿ 2019ರ ಫೆಬ್ರುವರಿಯಲ್ಲಿ ಇದನ್ನೆಲ್ಲ ಬಹಿರಂಗ ವಿಚಾರಣೆಯಲ್ಲಿ ಕೇಳಿತು. ಕೊನೆಗೆ ಹ್ಯಾರಿಸ್ ಅವರೇ ಹೊಸ ಚುನಾವಣೆ ಆಗಲಿ ಎಂದರು. ಮಂಡಳಿ ಹಾಗೆಯೇ ಆದೇಶಿಸಿತು.

ಬ್ರಿಟನ್ನಿನ ಕಥೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ 2001ರಿಂದ ಕಾರಣ ಹೇಳದೆಯೇ ಯಾರು ಬೇಕಾದರೂ ಅಂಚೆ ಮತಪತ್ರ ಕೇಳಬಹುದಾಯಿತು. 2004ರ ಬರ್ಮಿಂಗ್‌ಹ್ಯಾಮ್ ನಗರಸಭೆ ಚುನಾವಣೆಯಲ್ಲಿ, ದಕ್ಷಿಣ ಏಷ್ಯಾದಿಂದ ಹೋದ ಕುಟುಂಬಗಳು ಹೆಚ್ಚಾಗಿರುವ ಎರಡು ವಾರ್ಡುಗಳಲ್ಲಿ, ಮತಪತ್ರಗಳನ್ನು ಕಸಿಯಲಾಯಿತು, ತಿದ್ದಲಾಯಿತು. ಒಂದು ರಾತ್ರಿ ಪೊಲೀಸರು ಗೋದಾಮೊಂದಕ್ಕೆ ಹೋದಾಗ ಅಭ್ಯರ್ಥಿಗಳೇ ಅಲ್ಲಿ ಮತಪತ್ರಗಳ ರಾಶಿಯ ಮುಂದೆ ಕೂತಿದ್ದರು. 2005ರಲ್ಲಿ ಚುನಾವಣಾ ನ್ಯಾಯಾಧೀಶ ರಿಚರ್ಡ್ ಮಾರಿ ಆರು ಕೌನ್ಸಿಲರುಗಳ ಆಯ್ಕೆಯನ್ನು ರದ್ದುಮಾಡಿದರು. ಮರುವರ್ಷದ ಕಾನೂನು ಅಂಚೆ ಮತದಾರರ ಸಹಿ, ಹುಟ್ಟಿದ ದಿನಾಂಕ ಎರಡನ್ನೂ ಮೊದಲೇ ದಾಖಲಿಸಿ ಹೋಲಿಸಬೇಕೆಂದು ಮಾಡಿತು. ಫ್ರಾನ್ಸ್ ಅದಕ್ಕೂ ಮೊದಲು, ಕಾರ್ಸಿಕಾ ದ್ವೀಪದಲ್ಲಿ ನಡೆದ ಅಕ್ರಮಗಳಿಂದ ಬೇಸತ್ತು, 1975ರಲ್ಲಿ ಅಂಚೆ ಮತವನ್ನೇ ಕೈಬಿಟ್ಟು ಬದಲಿ ವ್ಯಕ್ತಿಯ ಮೂಲಕ ಮತ ಹಾಕುವ ಪದ್ಧತಿಗೆ ಹೋಯಿತು. ಸ್ವಿಟ್ಜರ್ಲೆಂಡ್ ತದ್ವಿರುದ್ಧ ದಿಕ್ಕಿಗೆ ಹೋಗಿ, ಇಂದು ಅಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಮತಗಳು ಅಂಚೆಯಲ್ಲೇ ಬರುತ್ತವೆ.

ಬ್ಲೇಡನ್ನಿನಲ್ಲಿ, ಬರ್ಮಿಂಗ್‌ಹ್ಯಾಮಿನಲ್ಲಿ ಸಿಕ್ಕಿಬಿದ್ದವರು ಹೊರಗಿನವರು. ಮನೆಯೊಳಗೇ ಮತ ಕೈತಪ್ಪಿದರೆ ಅದು ಯಾವ ಕಡತದಲ್ಲೂ ಕಾಣುವುದಿಲ್ಲ. ಮತಗಟ್ಟೆಯಲ್ಲಿ ರಟ್ಟಿನ ಒಂದು ಮರೆ ಇರುತ್ತದೆ. ಅದರ ಹಿಂದೆ ಹೋದ ಹೆಣ್ಣುಮಗಳೊಬ್ಬಳು ಮಾವನ ಮಾತು, ಗಂಡನ ಪಕ್ಷ, ಜಾತಿಯ ಹಿರಿಯರ ಕಟ್ಟಪ್ಪಣೆ ಎಲ್ಲವನ್ನೂ ಹೊರಗೆ ಬಿಟ್ಟು ತನಗೆ ಸರಿಕಂಡ ಗುಂಡಿ ಒತ್ತಬಹುದು. ಹೊರಗೆ ಬಂದು ನೀವು ಹೇಳಿದವರಿಗೇ ಹಾಕಿದೆ ಎನ್ನಬಹುದು. ಅದನ್ನು ಪರೀಕ್ಷಿಸುವ ದಾರಿ ಯಾರಿಗೂ ಇಲ್ಲ. ಮತವನ್ನು ಕೊಂಡವನಿಗೂ ಇಲ್ಲ, ಅದಕ್ಕೇ ಕೊಂಡ ಮತದ ಮೇಲೆ ಅವನಿಗೆ ಭರವಸೆಯಿಲ್ಲ. ಮನೆಯ ಮೇಜಿನ ಮೇಲೆ ಮತಪತ್ರ ಬಿಚ್ಚಿದಾಗ ಈ ಮರೆ ಇರುವುದಿಲ್ಲ. ದುಡ್ಡು ಕೊಟ್ಟವನು ಎದುರಿಗೆ ಕೂತು ಗುರುತು ಹಾಕಿಸಿಕೊಳ್ಳಬಹುದು. ಮನೆಯ ಯಜಮಾನ ಎಲ್ಲರ ಮತಪತ್ರವನ್ನೂ ತಾನೇ ತುಂಬಿ ಸಹಿ ಮಾತ್ರ ಹಾಕಿಸಬಹುದು. ಸಹಿ ಅಸಲಿ, ಲಕೋಟೆ ಅಸಲಿ, ಬಾರ್‌ಕೋಡ್ ಅಸಲಿ. ಮತ ಮಾತ್ರ ಅವಳದ್ದಲ್ಲ.

ಅಂಚೆ ಮತದಾನದ ನಿಜವಾದ ಬೆಲೆ ಇದೇ ಎಂದು ನಾನು ನಂಬಿದ್ದೇನೆ. ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2013ರಲ್ಲಿ ಈ ಪ್ರಶ್ನೆಯನ್ನು ನೇರವಾಗಿಯೇ ಎದುರಿಸಿತು. 1957ರಿಂದ ಅಂಚೆ ಮತ ಇರುವ ದೇಶ ಅದು. ಗೋಪ್ಯತೆಗೆ ಸ್ವಲ್ಪ ಪೆಟ್ಟು ಬೀಳುತ್ತದೆ ಎಂದು ಒಪ್ಪಿಕೊಂಡೇ, ಹೆಚ್ಚು ಜನ ಮತದಾನದಲ್ಲಿ ಪಾಲ್ಗೊಳ್ಳುವ ಲಾಭಕ್ಕಾಗಿ ಅದನ್ನು ಸಹಿಸಬಹುದು ಎಂದು ಹೇಳಿತು. ಜರ್ಮನಿಗೆ ಆ ಲೆಕ್ಕ ಸರಿಹೊಂದಬಹುದು. ಮನೆಯೊಳಗೆ ಹೆಣ್ಣುಮಕ್ಕಳ ಮಾತಿಗೆ, ಗುತ್ತಿಗೆದಾರನ ಮುಂದೆ ಕೂಲಿಯವನ ಮಾತಿಗೆ ಎಷ್ಟು ಬೆಲೆಯಿದೆ ಎಂಬುದನ್ನು ನೋಡದೆ ಅದೇ ಲೆಕ್ಕವನ್ನು ಇಲ್ಲಿಗೆ ತರಲಾಗದು.

ಅಂಚೆ ಮತದಲ್ಲಿ ಇನ್ನೊಂದು ನಷ್ಟವಿದೆ. ಅದರ ಬಗ್ಗೆ ಯಾರೂ ಗದ್ದಲ ಮಾಡುವುದಿಲ್ಲ, ಯಾಕೆಂದರೆ ನಷ್ಟವಾದವರಿಗೆ ಅದು ಗೊತ್ತೇ ಆಗುವುದಿಲ್ಲ. ಪ್ರಾಮಾಣಿಕವಾಗಿ ಹಾಕಿದ ಮತ ತಿರಸ್ಕಾರವಾಗುವುದು. ಇಲ್ಲಿ ನಮ್ಮ ಅನುಭವವೇ ಸಾಕಷ್ಟಿದೆ. 2017ರ ಗುಜರಾತ್ ವಿಧಾನಸಭಾ ಚುನಾವಣೆಯಲ್ಲಿ ಧೋಲ್ಕಾ ಕ್ಷೇತ್ರದಿಂದ ಬಿಜೆಪಿಯ ಭೂಪೇಂದ್ರಸಿಂಹ ಚೂಡಾಸಮಾ 327 ಮತಗಳಿಂದ ಗೆದ್ದರು. ಚುನಾವಣಾಧಿಕಾರಿ ತಿರಸ್ಕರಿಸಿದ್ದ ಅಂಚೆ ಮತಗಳು 429. ಕಾಂಗ್ರೆಸ್ ಅಭ್ಯರ್ಥಿ ಅಶ್ವಿನ್ ರಾಥೋಡ್ ನ್ಯಾಯಾಲಯಕ್ಕೆ ಹೋದರು. 2020ರ ಮೇ ತಿಂಗಳಲ್ಲಿ ಹೈಕೋರ್ಟ್ ಆ ತಿರಸ್ಕಾರ ಅಕ್ರಮ ಎಂದು ಹೇಳಿ, ಆಗ ಕಾನೂನು ಸಚಿವರಾಗಿದ್ದ ಚೂಡಾಸಮಾ ಅವರ ಆಯ್ಕೆಯನ್ನೇ ರದ್ದುಮಾಡಿತು. ಕೆಲವೇ ದಿನಗಳಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು.

ಕರ್ನಾಟಕದಲ್ಲೇ 2023ರ ಮೇ 13ರಂದು ಬೆಂಗಳೂರಿನ ಜಯನಗರ ವಿಧಾನಸಭಾ ಕ್ಷೇತ್ರದ ಎಣಿಕೆ ರಾತ್ರಿಯವರೆಗೂ ಎಳೆಯಿತು. ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಮುಂದಿದ್ದರು. ಮರುಎಣಿಕೆಗಳ ನಂತರ ಬಿಜೆಪಿಯ ಸಿ.ಕೆ. ರಾಮಮೂರ್ತಿ 16 ಮತಗಳಿಂದ ಗೆದ್ದರೆಂದು ಘೋಷಿಸಲಾಯಿತು. ಮೊದಲು ತಿರಸ್ಕೃತವಾಗಿದ್ದ ಅಂಚೆ ಮತಗಳನ್ನು ಮತ್ತೆ ಪರಿಶೀಲಿಸಿದ್ದೇ ಆ ರಾತ್ರಿಯ ಜಗಳದ ಕೇಂದ್ರವಾಗಿತ್ತು. ಸಂತೇಮರಹಳ್ಳಿಯಲ್ಲಿ 2004ರಲ್ಲಿ ಎ.ಆರ್. ಕೃಷ್ಣಮೂರ್ತಿ ಅವರು ಆರ್. ಧ್ರುವನಾರಾಯಣ ಅವರೆದುರು ಒಂದೇ ಒಂದು ಮತದಿಂದ ಸೋತ ರಾಜ್ಯ ಇದು. ಕೆಲವು ನೂರು ಅಂಚೆ ಲಕೋಟೆಗಳನ್ನು ಇಲ್ಲಿ ಯಾರೂ ಹಗುರವಾಗಿ ಕಾಣುವಂತಿಲ್ಲ. ತಿರಸ್ಕೃತ ಅಂಚೆ ಮತಗಳ ಸಂಖ್ಯೆಗಿಂತ ಗೆಲುವಿನ ಅಂತರ ಕಡಿಮೆಯಿದ್ದರೆ ಅವನ್ನೆಲ್ಲ ಮತ್ತೆ ಪರಿಶೀಲಿಸಲೇಬೇಕು ಎಂಬ ನಿಯಮವನ್ನು ಆಯೋಗ ಮಾಡಿದೆ. ಎಣಿಕೆ ಬೆಳಗ್ಗೆ 8ಕ್ಕೆ ಶುರುವಾಗುವುದೂ ಅಂಚೆ ಮತಗಳಿಂದಲೇ. ಅವು ಮುಗಿಯದೆ ಯಂತ್ರಗಳ ಕೊನೆಯ ಹಂತದ ಸುತ್ತುಗಳಿಗೆ ಹೋಗಬಾರದು ಎಂದು 2025ರಲ್ಲಿ ಮತ್ತೆ ಸೂಚನೆ ಬಂತು.

ತಿರಸ್ಕಾರವಾಗುವ ಮತಗಳು ಅನಕ್ಷರಸ್ಥರವಲ್ಲ. ಮತಗಟ್ಟೆಯಲ್ಲಿ ಊರಿಗೆಲ್ಲ ಮತದಾನದ ವಿಧಾನ ಹೇಳಿಕೊಡುವ ಶಿಕ್ಷಕರವು, ಬಂದೋಬಸ್ತಿಗೆ ಹೋದ ಪೊಲೀಸರವು. ಕ್ರಮಸಂಖ್ಯೆ ಬರೆಯಲು ಮರೆತದ್ದು, ದೃಢೀಕರಿಸಿದ ಅಧಿಕಾರಿ ಹುದ್ದೆಯ ಮೊಹರು ಹಾಕದೇ ಇದ್ದದ್ದು, ಘೋಷಣೆಯನ್ನು ಹೊರಲಕೋಟೆಗೆ ಹಾಕುವ ಬದಲು ಒಳಗೆ ಸೇರಿಸಿದ್ದು, ಇಂಥವೇ ಕಾರಣಗಳು. ಚುನಾವಣಾ ಕರ್ತವ್ಯದ ಸಿಬ್ಬಂದಿ ಮತಪತ್ರವನ್ನು ಮನೆಗೆ ಒಯ್ಯದೆ ತರಬೇತಿ ಸ್ಥಳದ ಸೌಲಭ್ಯ ಕೇಂದ್ರದಲ್ಲೇ ಮತ ಹಾಕಬೇಕು ಎಂದು ನಿಯಮ ಬದಲಿಸಿದ್ದು ಈ ದೃಷ್ಟಿಯಿಂದ ಒಳ್ಳೆಯ ಕೆಲಸ. ಅಲ್ಲಿ ಮರೆಯೂ ಇದೆ, ದೃಢೀಕರಿಸುವ ಅಧಿಕಾರಿಯೂ ಇದ್ದಾರೆ. ಆದರೆ ಉಳಿದವರಿಗೆ, ಮುಖ್ಯವಾಗಿ ಸೈನಿಕರಿಗೆ, ತಮ್ಮ ಲಕೋಟೆ ಎಣಿಕೆಗೆ ಸೇರಿತೇ ಇಲ್ಲವೇ ಎಂದು ತಿಳಿಸುವವರಿಲ್ಲ. ವಾಷಿಂಗ್ಟನ್, ಕೊಲರಾಡೊ ರಾಜ್ಯಗಳಲ್ಲಿ ಸಹಿ ಹೊಂದದಿದ್ದರೆ ಮತದಾರರಿಗೆ ಪತ್ರ ಬರುತ್ತದೆ, ಸರಿಪಡಿಸಲು ಮತದಾನದ ನಂತರವೂ ಕೆಲವು ದಿನ ಸಿಗುತ್ತವೆ. ಲಕೋಟೆ ಎಲ್ಲಿದೆ ಎಂದು ಫೋನಿನಲ್ಲೇ ನೋಡಬಹುದು. ನಮ್ಮಲ್ಲೂ ಹೊರಲಕೋಟೆಯ ಪರಿಶೀಲನೆಯನ್ನಷ್ಟೇ ಎಣಿಕೆಗೆ ಕೆಲವು ದಿನ ಮೊದಲು, ಎಲ್ಲ ಅಭ್ಯರ್ಥಿಗಳ ಏಜೆಂಟರ ಎದುರು, ಕ್ಯಾಮೆರಾ ಮುಂದೆ ಮಾಡಿ, ದೋಷವಿದ್ದವರಿಗೆ ತಿಳಿಸುವಂತೆ ಕಾನೂನು ತರಬಹುದು. ಒಳಲಕೋಟೆಯನ್ನು ಯಾರೂ ಮುಟ್ಟಬೇಕಿಲ್ಲ. ಆಸ್ಟ್ರಿಯಾದಲ್ಲಿ ಎಡವಿದ್ದು ಮೊದಲೇ ತೆರೆದದ್ದರಿಂದ ಮಾತ್ರ ಅಲ್ಲ, ನೋಡಬೇಕಾದವರು ಎದುರಿಗಿಲ್ಲದೆ ತೆರೆದದ್ದರಿಂದಲೂ.

ವೃದ್ಧರ ವಿಷಯದಲ್ಲಿ ನಾವು ಕಂಡುಕೊಂಡಿರುವ ದಾರಿಯ ಬಗ್ಗೆ ನನಗೆ ಹೆಮ್ಮೆಯಿದೆ. 2019ರ ನಿಯಮ ತಿದ್ದುಪಡಿಯಿಂದ 80 ದಾಟಿದವರಿಗೆ, ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ಅಂಚೆ ಮತಪತ್ರದ ಅವಕಾಶ ಸಿಕ್ಕಿತು. ಕರ್ನಾಟಕದಲ್ಲಿ ಅದು 2023ರ ವಿಧಾನಸಭಾ ಚುನಾವಣೆಯಲ್ಲಿ ಬಂತು. ಆಗ ನಮ್ಮ ಪಟ್ಟಿಯಲ್ಲಿ 80 ದಾಟಿದವರೇ 12 ಲಕ್ಷಕ್ಕೂ ಹೆಚ್ಚು ಇದ್ದರು. 2024ರಲ್ಲಿ ವಯಸ್ಸಿನ ಮಿತಿಯನ್ನು 85ಕ್ಕೆ ಏರಿಸಲಾಗಿದೆ. ಹೆಸರಿಗೆ ಅಂಚೆ ಮತ ಎಂದರೂ ಇದರಲ್ಲಿ ಅಂಚೆಯಣ್ಣನ ಕೆಲಸ ಇಲ್ಲ. ಅಧಿಸೂಚನೆ ಹೊರಟ ಐದು ದಿನದೊಳಗೆ ನಮೂನೆ 12ಡಿ ಕೊಟ್ಟವರ ಮನೆಗೆ ಮತಗಟ್ಟೆ ಅಧಿಕಾರಿಗಳು, ಪೊಲೀಸರು, ವಿಡಿಯೊ ಚಿತ್ರೀಕರಿಸುವವರು ಬರುತ್ತಾರೆ. ಬರುವ ದಿನ ಮೊದಲೇ ಗೊತ್ತಿರುತ್ತದೆ, ಅಭ್ಯರ್ಥಿಗಳಿಗೂ ತಿಳಿಸಿರುತ್ತಾರೆ. ಮರೆಯಲ್ಲಿ ಗುರುತು ಹಾಕಿಸಿ, ಲಕೋಟೆ ಮುಚ್ಚಿಸಿ, ಅಲ್ಲೇ ದೃಢೀಕರಿಸಿ ತೆಗೆದುಕೊಂಡು ಹೋಗುತ್ತಾರೆ. ಅಂದರೆ ಮತಗಟ್ಟೆಯ ಮರೆಯನ್ನೇ ಹಾಸಿಗೆಯ ಪಕ್ಕಕ್ಕೆ ತಂದಂತಾಯಿತು. ಖರ್ಚು ಹೆಚ್ಚು, ಸಿಬ್ಬಂದಿ ಹೆಚ್ಚು ಬೇಕು. ಮಲೆನಾಡಿನ ಒಂಟಿ ಮನೆಗಳಿಗೆ ಒಂದು ಮತಕ್ಕಾಗಿ ಅರ್ಧ ದಿನ ನಡೆಯಬೇಕಾಗಬಹುದು. ಆ ಖರ್ಚು ಸಾರ್ಥಕ. ವಯಸ್ಸಿನ ಮಿತಿಯನ್ನು ಮತ್ತೆ 80ಕ್ಕೆ ಇಳಿಸಬೇಕು ಎಂದೇ ನನ್ನ ಒತ್ತಾಯ.

ಹೊರದೇಶಗಳಲ್ಲಿರುವ ಭಾರತೀಯ ಪೌರರ ಪ್ರಶ್ನೆ ಇಷ್ಟು ಸರಳವಲ್ಲ. 2010ರ ತಿದ್ದುಪಡಿಯಿಂದ ಅವರು ಪಟ್ಟಿಯಲ್ಲಿ ಹೆಸರು ಸೇರಿಸಬಹುದು. ಮತ ಹಾಕಲು ಮಾತ್ರ ಪಾಸ್‌ಪೋರ್ಟ್ ಹಿಡಿದು ಊರಿನ ಮತಗಟ್ಟೆಗೇ ಬರಬೇಕು. 2024ರಲ್ಲಿ ಹೆಸರು ಸೇರಿಸಿದ್ದವರು ಸುಮಾರು 1.19 ಲಕ್ಷ, ಬಂದು ಮತ ಹಾಕಿದವರು 2,958, ಅವರಲ್ಲಿ ಬಹುಪಾಲು ಕೇರಳದವರು. ಬದಲಿ ವ್ಯಕ್ತಿಯ ಮೂಲಕ ಮತ ಹಾಕಲು ಅವಕಾಶ ಕೊಡುವ ಮಸೂದೆ 2018ರಲ್ಲಿ ಲೋಕಸಭೆ ದಾಟಿದರೂ ಮುಂದೆ ಹೋಗದೆ ಸತ್ತಿತು. ಸೈನಿಕರಂತೆಯೇ ಕಂಪ್ಯೂಟರಿನಲ್ಲಿ ಮತಪತ್ರ ಕಳಿಸಿ, ರಾಯಭಾರ ಕಚೇರಿಯ ಅಧಿಕಾರಿಯಿಂದ ದೃಢೀಕರಣ ಮಾಡಿಸಿ ಅಂಚೆಯಲ್ಲಿ ತರಿಸಬಹುದು ಎಂದು ಆಯೋಗ 2020ರಲ್ಲಿ ಸರ್ಕಾರಕ್ಕೆ ಹೇಳಿತು. ಸಿಂಗಾಪುರದಲ್ಲಿರುವ ಎಂಜಿನಿಯರ್ ಕನ್ನಡಿಗನಿಗೆ ಅದು ಒಪ್ಪುವ ಏರ್ಪಾಡು. ಪಾಸ್‌ಪೋರ್ಟನ್ನೂ ಮಾಲೀಕನ ಕೈಗೆ ಕೊಟ್ಟು ಕೊಲ್ಲಿ ದೇಶದ ಕಾರ್ಮಿಕರ ಶಿಬಿರದಲ್ಲಿ ಮಲಗುವವನ ಮತಪತ್ರ ಯಾರ ಕೈಯಲ್ಲಿ ಇರುತ್ತದೆ ಎಂದು ಮೊದಲು ಕೇಳಬೇಕು. ಅಂಥ ದೇಶಗಳಲ್ಲಿ ರಾಯಭಾರ ಕಚೇರಿಯಲ್ಲೇ ಮರೆ ಕಟ್ಟಿ ಮತ ಹಾಕಿಸುವುದು ಮೇಲು.

ಇದೇ ಪ್ರಶ್ನೆ ಇನ್ನೂ ದೊಡ್ಡದಾಗಿ ನಮ್ಮೊಳಗೇ ಇದೆ. ಯಾದಗಿರಿ, ರಾಯಚೂರು, ಕಲಬುರಗಿಯ ಹಳ್ಳಿಗಳಿಂದ ಬೆಂಗಳೂರು, ಮುಂಬೈ, ಪುಣೆ, ಗೋವಾಕ್ಕೆ ಗುಳೆ ಹೋಗುವವರು ಮತದಾನದ ದಿನ ಊರಿಗೆ ಬರುವುದು ಹೇಗೆ? ಅವರಿಗೂ ಅಂಚೆ ಮತ ಕೊಡಿ ಎಂಬ ಸಲಹೆ ಕೇಳಲು ನ್ಯಾಯವಾಗಿದೆ. ಒಂದು ಕಟ್ಟಡದ ಕೆಲಸದಲ್ಲಿ ಐವತ್ತು ಜನ ಒಬ್ಬ ಮೇಸ್ತ್ರಿಯ ಕೈಕೆಳಗೆ ತಗಡಿನ ಶೆಡ್ಡಿನಲ್ಲಿರುತ್ತಾರೆ. ಮುಂಗಡ ಕೊಟ್ಟವನು ಅವನೇ, ವಿಳಾಸವೂ ಅವನದೇ. ಐವತ್ತು ಲಕೋಟೆಗಳೂ ಅವನ ಕೈಗೇ ಬರುತ್ತವೆ, ಅವನ ಕೈಯಿಂದಲೇ ಹೋಗುತ್ತವೆ. ಅಮೆರಿಕದಲ್ಲಿ ಡೌಲೆಸ್ ಮನೆಮನೆಗೆ ಜನ ಕಳಿಸಬೇಕಾಯಿತು, ಇಲ್ಲಿ ಮೇಸ್ತ್ರಿಗೆ ಆ ಶ್ರಮವೂ ಇರುವುದಿಲ್ಲ. ಆದ್ದರಿಂದ ಗುಳೆ ಹೋದವರಿಗೆ ಅಂಚೆ ಮತ ಎಂಬುದನ್ನು ಈ ಸ್ಥಿತಿಯಲ್ಲಿ ನಾನು ಒಪ್ಪಲಾರೆ.

ಅವರಿರುವ ಊರಿನಲ್ಲೇ ಮತಗಟ್ಟೆ ತೆರೆದು, ತಮ್ಮ ಕ್ಷೇತ್ರಕ್ಕೆ ಮತ ಹಾಕಿಸುವ ಯಂತ್ರದ ಮಾದರಿಯನ್ನು ತೋರಿಸಲು ಆಯೋಗ 2023ರ ಜನವರಿಯಲ್ಲಿ ಪಕ್ಷಗಳನ್ನು ಕರೆಯಿತು. ಬಹುಪಾಲು ವಿರೋಧ ಪಕ್ಷಗಳು ಒಪ್ಪಲಿಲ್ಲ, ಯೋಜನೆ ಅಲ್ಲಿಗೇ ನಿಂತಿತು. ಯಂತ್ರದ ಬಗ್ಗೆ ಅನುಮಾನವಿದ್ದರೆ ಚುನಾವಣಾ ಸಿಬ್ಬಂದಿಗಿರುವಂಥ ಸೌಲಭ್ಯ ಕೇಂದ್ರವನ್ನು, ಕಾಗದದ ಮತಪತ್ರ ಮತ್ತು ಮರೆಯ ಸಮೇತ, ಬೆಂಗಳೂರಿನ ನಾಲ್ಕೈದು ಕಡೆ ತೆರೆದು ನೋಡಬಹುದು. ಅದಕ್ಕೂ ಮೊದಲು ಈಗಿರುವ ಕಾನೂನನ್ನು ಜಾರಿಮಾಡಬಹುದು. ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಪ್ರಕಾರ ಮತದಾನದ ದಿನ ಸಂಬಳ ಸಹಿತ ರಜೆ ಕೊಡಲೇಬೇಕು. ದಿನಗೂಲಿಯವರಿಗೂ, ಬೇರೆ ಊರಿನಲ್ಲಿ ಮತ ಇರುವವರಿಗೂ ಇದು ಅನ್ವಯಿಸುತ್ತದೆ ಎಂದು ಆಯೋಗ ಪ್ರತಿ ಚುನಾವಣೆಯಲ್ಲೂ ಹೇಳುತ್ತದೆ. ಬೆಂಗಳೂರಿನಿಂದ ಯಾದಗಿರಿಗೆ ಹೋಗಲು ಒಂದು ರಾತ್ರಿ, ಬರಲು ಇನ್ನೊಂದು ರಾತ್ರಿ ಬೇಕು. ಕಾರ್ಮಿಕ ಇಲಾಖೆ ಆ ಎರಡು ರಾತ್ರಿಗಳನ್ನೂ ಸೇರಿಸಿ ರಜೆ ಲೆಕ್ಕ ಹಾಕಿ, ಕಟ್ಟಡದ ಗುತ್ತಿಗೆದಾರರಿಂದ ಹಾಜರಿ ಪುಸ್ತಕ ತರಿಸಿ ನೋಡುವ ಕೆಲಸವನ್ನು ಮುಂದಿನ ಚುನಾವಣೆಯಿಂದಲೇ ಶುರುಮಾಡಬಹುದು.